ಎಡಗಡೆಯ ಮಡ್‌ಗಾರ್ಡ್

ಬೇಡ ಅನ್ನುವುದು ನನ್ನ ಉದ್ಯೋಗ. ನಂಜನಗೂಡಿನ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ವಿಭಾಗದಲ್ಲಿದ್ದೇನೆ. ಮೇಜಿನ ಮೇಲೆ ಬಂದು ಬೀಳುವ ಲೋಹದ ತುಂಡುಗಳನ್ನು ಅಳೆಯುವುದು, ತಿರುಗಿಸಿ ಬೆಳಕಿಗೆ ಹಿಡಿಯುವುದು, ಕೂದಲೆಳೆಯಷ್ಟು ಹೆಚ್ಚುಕಮ್ಮಿ ಕಂಡರೂ ಕೆಂಪು ಡಬ್ಬಕ್ಕೆ ಹಾಕುವುದು. ಇದನ್ನೇ ಮಾಡಿಕೊಂಡು ಬಂದವನ ಕಣ್ಣು ಮನೆಗೆ ಬಂದ ಮೇಲೆ ಸುಮ್ಮನಿರುತ್ತದೆಯೇ? ದೋಸೆಯ ಅಂಚು, ಗೋಡೆಯ ಕ್ಯಾಲೆಂಡರು, ನೆಂಟರು ತಂದ ಬಾಳೆಹಣ್ಣು, ಎಲ್ಲದರಲ್ಲೂ ಒಂದು ಕೊಂಕು ಕಾಣುತ್ತದೆ. ನನಗೆ ಹೆಣ್ಣು ನೋಡುವ ಕಾಲದಲ್ಲಿ ಚಿಕ್ಕಪ್ಪ, "ಇವ್ನು ಒಪ್ಕಳ ಒಳ್ಗೆ ನಮ್ಗೆಲ್ಲಾ ತಿಥಿ ಆಗೋಯ್ತದೆ" ಅಂತ ನಕ್ಕಿದ್ದರು. ಅವತ್ತಿನಿಂದ ನನ್ನನ್ನು ಕರೆಯುವುದೇ "ಕ್ವಾಲ್ಟಿ" ಎಂದು.

ಈಗ ನಮ್ಮೂರು ಹದಿನಾರಿನ ಮನೆಯ ಅಂಗಳದಲ್ಲಿ ಹಳೆಯ ಅಂಬಾಸಿಡರ್ ಕಾರೊಂದು ನಿಂತಿದೆ. ಬೂದಿ ಬೆರೆಸಿದಂಥ ತಿಳಿ ನೀಲಿ ಬಣ್ಣ. ದಾರಿಯಲ್ಲಿ ಹೋಗುವವರು ಬೈಕು ನಿಲ್ಲಿಸಿ ಫೋಟೋ ತೆಗೆದುಕೊಳ್ಳುತ್ತಾರೆ, ಎಲ್ಲಿ ಮಾಡಿಸಿದಿರಿ ಎಂದು ಕೇಳುತ್ತಾರೆ, ಹೊಗಳುತ್ತಾರೆ. ನಾನು ಆ ಹೊಗಳಿಕೆ ಪೂರ್ತಿ ಕೇಳದೆ ಒಳಗೆ ಹೋಗಿಬಿಡುತ್ತೇನೆ. ಆ ಕಾರನ್ನು ನಾನು ಒಬ್ಬರಿಗೆ ತೋರಿಸಲೆಂದು ಮಾಡಿಸಿದ್ದು.

ಕಾರನ್ನು ಅಪ್ಪ, ಚಿಕ್ಕಪ್ಪ ಇಬ್ಬರೂ ಸೇರಿ ಯಾರೋ ಎಸ್ಟೇಟಿನವರಿಂದ ಸೆಕೆಂಡ್ ಹ್ಯಾಂಡ್ ಕೊಂಡಿದ್ದರು. ಅಪ್ಪನ ಪಾಲಿಗೆ ಗದ್ದೆ, ಚಿಕ್ಕಪ್ಪನ ಪಾಲಿಗೆ ಸ್ಟೇರಿಂಗು. ಸುತ್ತಮುತ್ತಲ ಊರುಗಳ ಎಷ್ಟೋ ಮದುವೆಯ ಹೆಣ್ಣುಗಳು ಅದರ ಹಿಂದಿನ ಸೀಟಿನಲ್ಲಿ ಕೂತು ಅತ್ತಿದ್ದಾರೆ. ಹೆರಿಗೆ ನೋವು ಬಂದವರನ್ನು ನಂಜನಗೂಡಿನ ಆಸ್ಪತ್ರೆಗೆ ಕರೆದೊಯ್ದ ಲೆಕ್ಕವಂತೂ ಇಲ್ಲ. "ಓಗೋವಾಗ ಇಬ್ರು, ಬರೋವಾಗ ಮೂರ್ ಜನ. ಬಾಡ್ಗೆ ಮಾತ್ರ ಒಂದೇ" ಎನ್ನುತ್ತಿದ್ದರು ಚಿಕ್ಕಪ್ಪ. ಜೇಬಿನಲ್ಲಿ ಸದಾ ಒಂದು ಬಾಚಣಿಗೆ. ಕಾರಿನ ಕನ್ನಡಿ ಒರೆಸಿ, ಅದರಲ್ಲೇ ಕ್ರಾಪು ತೀಡಿಕೊಂಡು, ಆಮೇಲೆ ಹತ್ತುತ್ತಿದ್ದರು. ಬಾನೆಟ್ಟಿಗೆ ಹೂವಿನ ಹಾರವನ್ನು ಟೇಪಿನಲ್ಲಿ ಅಂಟಿಸಲು ಬಂದವರಿಗೆ ಬೈಗುಳ ಗ್ಯಾರಂಟಿ. "ನಿನ್ ಮೊಕುಕ್ಕೆ ಅಂಟುಸ್ಲಾ?" ಎಂದು ಮದುಮಗನ ಸೋದರಮಾವನನ್ನೇ ಕೇಳಿದವರು ಅವರು.

ಅಪ್ಪ ತೀರಿಕೊಂಡ ಮೇಲೆ ಜಮೀನು ಪಾಲಾಯಿತು. ಮನೆಯ ನಡುವೆ ಗೋಡೆ ಎದ್ದಿತು, ಬಾಗಿಲು ಎರಡಾದವು, ಅಂಗಳ ಮಾತ್ರ ಒಂದೇ ಉಳಿಯಿತು. ಕಾರು ಯಾರಿಗೆ ಎಂಬ ಮಾತೇ ಬರಲಿಲ್ಲ, ಅದು ಚಿಕ್ಕಪ್ಪನದು ಎಂಬುದು ಎಲ್ಲರಿಗೂ ಗೊತ್ತಿತ್ತು. ಆಮೇಲೆ ಊರಿಗೆಲ್ಲ ಹೊಸ ಕಾರುಗಳು ಬಂದವು, ಬಾಡಿಗೆ ನಿಂತಿತು. ಅಂಗಳದ ಹೊಂಗೆ ಮರದ ಕೆಳಗೆ ಕಾರು ನಿಂತಲ್ಲೇ ನಿಂತಿತು. ಎಡಗಡೆಗೆ ದನಗಳ ನೀರಿನ ತೊಟ್ಟಿ ಇದ್ದುದರಿಂದ ಆ ಕಡೆಯ ತಗಡಿಗೆ ಸದಾ ಥಂಡಿ. ಮುಂದಿನ ಮಡ್‌ಗಾರ್ಡು, ಅದರ ಪಕ್ಕದ ಬಾಗಿಲ ತಳ ಎರಡೂ ತುಕ್ಕು ಹಿಡಿದು ಹಪ್ಪಳದಂತೆ ಉದುರತೊಡಗಿದವು.

ಚಿಕ್ಕಪ್ಪನಿಗೆ ಸಕ್ಕರೆ ಕಾಯಿಲೆ ಬಹಳ ದಿನದ್ದು. ಅದು ಕಣ್ಣಿಗೆ ಇಳಿದದ್ದು ಗೊತ್ತಾದಾಗ ಮೈಸೂರಿಗೆ ಕರೆದುಕೊಂಡು ಹೋಗಿದ್ದು ನಾನೇ. ಕಣ್ಣಿನ ಡಾಕ್ಟರು ಸುತ್ತಿ ಬಳಸಿ ಮಾತಾಡುವವರಲ್ಲ. ಹೋದ ನೋಟ ಹೋಯಿತು, ಉಳಿದಿರುವುದನ್ನು ಎಷ್ಟು ಕಾಲ ಹಿಡಿದಿಡಬಹುದೋ ನೋಡೋಣ, ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ ಎಂದರು. ವಾಪಸು ಬರುವಾಗ ಬಸ್ಸಿನ ಕಿಟಕಿಯಿಂದ ಹೊರಗೆ ನೋಡುತ್ತ ಚಿಕ್ಕಪ್ಪ ಜೇಬಿನ ಬಾಚಣಿಗೆಯನ್ನು ಕೈಯಲ್ಲಿ ತಿರುಗಿಸುತ್ತ ಕೂತಿದ್ದರು. ಆಮೇಲೆ ಹೇಳಿದರು: "ಕಾರ್ನ ಒಂದ್ಸಲ ಸರ್ಯಾಗ್ ನೋಡ್ಬುಡ್ಬೇಕು ಕಣ್ಲಾ. ಬಂದ್ ದಿನ ಎಂಗಿತ್ತೋ ಅಂಗೆ. ಆಮೇಲ್ ಏನಾದ್ರೂ ಆಗ್ಲಿ."

ನನಗೆ ಅಷ್ಟು ಸಾಕಾಯಿತು. ಮಾರನೆಯ ವಾರವೇ ಕಾರನ್ನು ನಂಜನಗೂಡಿನ ಹೊರವಲಯದ ಟಿಂಕರಿಂಗ್ ಷೆಡ್ಡಿಗೆ ಎಳೆಸಿದೆ. ಮಿಸ್ತ್ರಿ ಮಾತುಗಾರ. ಒಂದು ಕಿವಿಯಲ್ಲಿ ಫೋನು, ಇನ್ನೊಂದು ಕಿವಿಯಲ್ಲಿ ಗಿರಾಕಿ, ಎರಡಕ್ಕೂ "ನಾಳೆ ಆಗೋಯ್ತದೆ ಬುಡಿ" ಎಂಬ ಒಂದೇ ಉತ್ತರ. ಕಾರಿನ ಸುತ್ತ ಒಂದು ಸುತ್ತು ಬಂದು, ಬಲಗಡೆ ಗಟ್ಟಿ ಇದೆ, ಎಡಗಡೆ ಎರಡು ದಾರಿ ಇದೆ ಎಂದ. ಒಂದು, ಕೊಳೆತ ಭಾಗವನ್ನು ಕತ್ತರಿಸಿ ತೆಗೆದು ಅದೇ ಅಳತೆಯ ಹೊಸ ತಗಡು ಬೆಸೆದು ತೇಪೆ ಹಾಕುವುದು. ಇನ್ನೊಂದು, ಮಡ್‌ಗಾರ್ಡು ಮತ್ತು ಬಾಗಿಲನ್ನು ಪೂರ್ತಿ ಬದಲಿಸುವುದು.

ಜೊತೆಗೆ ಬಂದಿದ್ದ ಚಿಕ್ಕಪ್ಪ ಕೊಳೆತ ಅಂಚನ್ನು ಕಣ್ಣ ಹತ್ತಿರಕ್ಕೆ ಬಗ್ಗಿ ನೋಡಿ, "ಇರಾದ್ನೇ ತಟ್ಟಿ ತೇಪೆ ಆಕ್ಸ್ಬುಡ್ಲಾ, ಸಾಕು" ಎಂದರು.

"ನೀವ್ ಸುಮ್ನಿರಿ ಚಿಕ್ಕಪ್ಪ. ಮಾಡೋದು ಮಾಡ್ತೀವಿ, ಸರಿಯಾಗಿ ಮಾಡೋಣ" ಎಂದೆ. ತೇಪೆ ಎಂಬ ಮಾತೇ ನನಗೆ ಆಗದು.

ಅಲ್ಲಿಂದ ನನ್ನ ಹುಡುಕಾಟ ಶುರುವಾಯಿತು. ಹಳೆಯ ಕಾರು ಇಟ್ಟುಕೊಂಡವರಿಗೆಲ್ಲ ಈ ಕಷ್ಟ ಗೊತ್ತು. ಕಾರು ಒಂದೇ ಹೆಸರಿನದಾದರೂ ಮಾಡೆಲ್‌ನಿಂದ ಮಾಡೆಲ್‌ಗೆ ಮುಖ ಬದಲಾಗಿರುತ್ತದೆ. ಒಂದರ ಮಡ್‌ಗಾರ್ಡು ಇನ್ನೊಂದರ ದೀಪಕ್ಕೆ ಕೂರುವುದಿಲ್ಲ. ಮೈಸೂರಿನ ಅಂಗಡಿಯೊಂದರ ಮೂಲಕ ಹೊಸದಾಗಿ ಅಚ್ಚು ಹೊಡೆದ ಮಡ್‌ಗಾರ್ಡು ತರಿಸಿದೆ. ಕರೀ ಬಣ್ಣ ಬಳಿದು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಬಂತು. ಬೋಲ್ಟು ಹಾಕಿ ಕೂರಿಸಿದರೆ ದೀಪದ ಕಂಡಿ ಒಂಚೂರು ಕೆಳಗೆ, ಬಾನೆಟ್ಟಿನ ಪಕ್ಕದ ಸಂದು ಮುಂದೆ ಕಿರಿದು, ಹಿಂದೆ ಅಗಲ. ತಗಡೂ ತೆಳು, ಹೆಬ್ಬೆರಳಲ್ಲಿ ಒತ್ತಿದರೆ ಒಳಕ್ಕೆ ಹೋಗಿ ಟಪ್ಪೆಂದು ಹೊರಕ್ಕೆ ಬರುತ್ತಿತ್ತು. ಮಿಸ್ತ್ರಿ, "ಎರಡು ಏಟ್ ಹಾಕಿ ಕೂರಿಸ್ತೀನಿ ಸಾ, ಬಣ್ಣ ಆದ್ಮೇಲೆ ಯಾರ್ ಅಳೀತಾರೆ?" ಎಂದ. ನಾನು ಅಳೆಯುತ್ತೇನೆ ಎಂದೆ. ಅದು ವಾಪಸು ಹೋಯಿತು. ಯಾರೋ ಫೈಬರಿನದು ಚೆನ್ನಾಗಿರುತ್ತದೆ, ತುಕ್ಕೂ ಹಿಡಿಯುವುದಿಲ್ಲ ಎಂದರು. ತರಿಸಿ ಗೆಣ್ಣಿನಲ್ಲಿ ತಟ್ಟಿದರೆ ಸ್ನಾನದ ಮನೆಯ ಬಕೆಟ್ಟಿನ ಸದ್ದು ಬಂತು. ಅದನ್ನೂ ಬೇಡ ಎಂದೆ.

ಹಳೆಯ ಅಸಲಿ ತಗಡೇ ಬೇಕು ಎಂದು ತೀರ್ಮಾನವಾಯಿತು. ಕೆಟ್ಟ ಸ್ಪೀಕರಿನಿಂದ ಒಂದು ಅಯಸ್ಕಾಂತ ಕಿತ್ತು ಕರ್ಚೀಫಿನಲ್ಲಿ ಸುತ್ತಿ ಜೇಬಿನಲ್ಲಿ ಇಟ್ಟುಕೊಂಡೆ. ತುಕ್ಕಿನ ತೂತುಗಳನ್ನು ಪುಟ್ಟಿ ಎಂಬ ಲೇಪ ಮೆತ್ತಿ ಮುಚ್ಚಿ ಬಣ್ಣ ಹೊಡೆದಿದ್ದರೆ ಕಣ್ಣಿಗೆ ತಿಳಿಯುವುದಿಲ್ಲ, ಆದರೆ ಅಯಸ್ಕಾಂತ ಅಲ್ಲಿ ಹಿಡಿಯದೆ ಜಾರಿ ಬೀಳುತ್ತದೆ. ಕವಲಂದೆಯಲ್ಲಿ ರೈತರೊಬ್ಬರ ಕೊಟ್ಟಿಗೆಯಲ್ಲಿ ಅದೇ ಮಾಡೆಲ್ಲಿನ ಕಾರು ಇದೆಯೆಂದು ತಿಳಿದು ಹೋದೆ. ಸ್ಟೇರಿಂಗಿನ ಮೇಲೆ ಕೋಳಿ ಕೂತಿತ್ತು. ಮನೆಯ ಯಜಮಾನರು ಕಾಫಿ ಕೊಟ್ಟು, ಬೇಕಾದ್ದು ಬಿಚ್ಚಿಕೊಂಡು ಹೋಗಿ ಎಂದರು. ನಾನು ಮಡ್‌ಗಾರ್ಡಿನ ಮೇಲೆ ಅಯಸ್ಕಾಂತ ಇಟ್ಟೆ, ಬಿತ್ತು. ಇನ್ನೊಂದು ಕಡೆ ಇಟ್ಟೆ, ಅಲ್ಲೂ ಬಿತ್ತು. ಬಗ್ಗಿ ಕೆಳಗಿನಿಂದ ಟಾರ್ಚು ಹಾಕಿದೆ, ಅಂಚಿನ ಮೇಲೆ ಬೆರಳಾಡಿಸಿದೆ. ಯಜಮಾನರು ಕಾಫಿ ಲೋಟ ವಾಪಸು ತೆಗೆದುಕೊಂಡು, "ಕಾರ್ ನೋಡಕ್ ಬಂದ್ರಾ, ಎಣ್ ನೋಡಕ್ ಬಂದ್ರಾ?" ಎಂದರು. ಮನೆಗೆ ಬಂದು ಚಿಕ್ಕಪ್ಪನಿಗೆ ಹೇಳಿದಾಗ ಕೆಮ್ಮು ಬರುವಷ್ಟು ನಕ್ಕರು.

ಆಗಿನ್ನೂ ಅವರು ವಾರಕ್ಕೊಮ್ಮೆ ನನ್ನ ಬೈಕಿನ ಹಿಂದೆ ಕೂತು ಷೆಡ್ಡಿಗೆ ಬರುತ್ತಿದ್ದರು. ಇಂಜಿನ್ ರಿಪೇರಿಯಾಗಿತ್ತು, ಬಲಗಡೆಯ ಕೆಲಸ ಮುಗಿಯುತ್ತ ಬಂದಿತ್ತು, ಎಡಗಡೆ ಮಾತ್ರ ಬಾಯಿ ತೆರೆದುಕೊಂಡು ನಿಂತಿತ್ತು. ಕಾರಿನ ಬಲಗಡೆ ನಿಂತು, ತಲೆ ಆ ಕಡೆ ಈ ಕಡೆ ವಾಲಿಸಿ, ಉಳಿದ ನೋಟಕ್ಕೆ ಸಿಗುವ ಕೋನ ಹುಡುಕಿಕೊಂಡು ನೋಡುತ್ತಿದ್ದರು. "ಇಷ್ಟೇ ಸಾಕಲ್ಲೋ" ಎಂದು ಇನ್ನೊಂದು ಸಲ ಹೇಳಿದರು. ನನಗೆ ರೇಗಿತು. ಅರ್ಧ ಕಾರು ತೋರಿಸಲು ಇಷ್ಟೆಲ್ಲ ಮಾಡುತ್ತಿದ್ದೇನೆಯೇ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಬಾಯಿಬಿಟ್ಟು ಹೇಳಿದ್ದು ಇಷ್ಟೇ: "ಸಿಗುತ್ತೆ ಇರಿ."

ಸಿಕ್ಕಿತು ಕೂಡ. ಅದನ್ನು ನೆನೆದರೆ ಈಗಲೂ ಕೈ ಕೈ ಹಿಸುಕಿಕೊಳ್ಳುವಂತಾಗುತ್ತದೆ.

ಅವತ್ತು ಶನಿವಾರ. ಮೊದಲ ಪಾಳಿ ಮುಗಿಸಿ ತಿ. ನರಸೀಪುರಕ್ಕೆ ಹೋಗಿದ್ದೆ. ಅಲ್ಲೊಂದು ಗುಜರಿ ಅಂಗಡಿಗೆ ಹಳೆಯ ಅಂಬಾಸಿಡರ್ ಒಂದು ಬಂದಿದೆ ಎಂದು ಮಿಸ್ತ್ರಿಯೇ ಸುದ್ದಿ ಕೊಟ್ಟಿದ್ದ. ಅಂಗಡಿಯ ಹಿಂದೆ, ಟ್ರ್ಯಾಕ್ಟರ್ ಚಕ್ರಗಳ ನಡುವೆ, ಬಿಚ್ಚಿ ಒರಗಿಸಿದ್ದ ಎಡಗಡೆಯ ಮಡ್‌ಗಾರ್ಡು, ಎಡಗಡೆಯ ಬಾಗಿಲು. ಅಯಸ್ಕಾಂತ ಇಟ್ಟಲ್ಲೆಲ್ಲ ಗಟ್ಟಿಯಾಗಿ ಕಚ್ಚಿಕೊಂಡಿತು. ತಟ್ಟಿದರೆ ತುಂಬಿದ ಸದ್ದು. ದೀಪದ ಕಂಡಿ, ಅಂಚಿನ ಮಡಿಕೆ, ಬೋಲ್ಟಿನ ತೂತು, ಎಲ್ಲವೂ ಸರಿ. ಬಾಗಿಲ ತಳದಲ್ಲಿ ಮೇಲುಮೇಲಿನ ತುಕ್ಕು, ಅಷ್ಟೇ. ನನ್ನ ಜೀವಮಾನದಲ್ಲಿ ಒಂದೇ ನೋಟಕ್ಕೆ ಒಪ್ಪಿಕೊಂಡ ವಸ್ತು ಅದು. ಖುಷಿ ತಡೆಯಲಾರದೆ ಅಲ್ಲಿಂದಲೇ ಚಿಕ್ಕಪ್ಪನಿಗೆ ಫೋನು ಮಾಡಿದೆ. ಎತ್ತಿದ್ದು ಚಿಕ್ಕಮ್ಮ.

"ಅಯ್ಯೋ, ಇವತ್ತು ಸನಿವಾರ ಕಣಪ್ಪ. ಸನಿವಾರ ಯಾರಾದ್ರೂ ಕಬ್ಣ ತತ್ತಾರಾ?"

ಮನೆಗಲ್ಲ ಚಿಕ್ಕಮ್ಮ, ಷೆಡ್ಡಿಗೆ ಎಂದೆ.

"ಯಾವ್ ಮನೆ ಕಾರ್ಗೆ ಆಕಾದು ಅದ್ನ? ಸನಿನ ಕೈ ಇಡ್ಕಂಡ್ ಕರ್ಕಬಂದಂಗೆ. ಮೊದ್ಲೇ ನಿಮ್ ಚಿಕ್ಕಪ್ಪನ್ ಕಣ್ಣು ಇಂಗಾಗದೆ. ನಾಳೆ ತಗಂಬಾಪ್ಪ, ಒಂದ್ ದಿನುಕ್ಕೆ ಏನ್ ಒಂಟೋಯ್ತದೆ?"

ಕಾರ್ಖಾನೆಗೆ ಶನಿವಾರವೂ ಲಾರಿಗಟ್ಟಲೆ ಕಬ್ಬಿಣ ಬರುತ್ತದೆ. ಅದನ್ನು ನಾನೇ ನಿಂತು ಇಳಿಸಿಕೊಂಡಿದ್ದೇನೆ. ನನಗೆ ಇದರಲ್ಲೆಲ್ಲ ನಂಬಿಕೆ ಇಲ್ಲ ಎಂದು ಹೇಳಿಕೊಂಡು ತಿರುಗಿದವನು ನಾನು. ಆದರೆ ಕಣ್ಣಿನ ಮಾತು ಬಂತಲ್ಲ, ಅಲ್ಲಿ ನಾನು ಸೋತೆ. ನಾಳೆ ಏನಾದರೂ ಹೆಚ್ಚುಕಮ್ಮಿಯಾದರೆ ಚಿಕ್ಕಮ್ಮ ಆ ಮಡ್‌ಗಾರ್ಡನ್ನೇ ನೋಡುತ್ತಾರೆ, ಆಮೇಲೆ ನನ್ನನ್ನು ನೋಡುತ್ತಾರೆ. ನಾಳೆ ಬರುತ್ತೇನೆ, ಎತ್ತಿಟ್ಟಿರಿ ಎಂದು ಅಂಗಡಿಯವನಿಗೆ ಹೇಳಿದೆ. ಅವನು, "ಅಡ್ವಾನ್ಸ್ ಕೊಟ್ಟೋಗಿ ಸಾ, ಯಾರ್ಗೂ ಕೊಡಲ್ಲ" ಎಂದ. ಜೇಬಿಗೆ ಕೈ ಹಾಕಿದವನು ಹಾಗೇ ತೆಗೆದೆ. ದುಡ್ಡು ಕೊಟ್ಟರೆ ಕೊಂಡ ಹಾಗೆಯೇ ಆಯಿತಲ್ಲ! ಶನಿವಾರ ಕಬ್ಬಿಣ ಕೊಳ್ಳಬಾರದು ಎಂದು ಒಪ್ಪಿಕೊಂಡ ಮೇಲೆ ಅದನ್ನೂ ಲೋಪವಿಲ್ಲದಂತೆ ಪಾಲಿಸಬೇಕು ಎಂಬ ನನ್ನ ಬುದ್ಧಿಗೆ ಏನು ಹೇಳಲಿ. ಶಾಸ್ತ್ರ ಬಿಡದ ಚಿಕ್ಕಮ್ಮನೂ ಅಷ್ಟು ದೂರ ಹೋಗುತ್ತಿರಲಿಲ್ಲ. ಅಡ್ವಾನ್ಸು ಕೊಟ್ಟಿದ್ದರೆ ಬೇಡ ಎನ್ನುತ್ತಿರಲಿಲ್ಲ ಎಂದು ಆಮೇಲೆ ಅವರೇ ಹೇಳಿದರು.

ಭಾನುವಾರ ಬೆಳಿಗ್ಗೆ ಗೂಡ್ಸ್ ಆಟೋ ಮಾಡಿಕೊಂಡು ಹೋದೆ. ಟ್ರ್ಯಾಕ್ಟರ್ ಚಕ್ರಗಳಿದ್ದವು, ನಡುವೆ ಏನೂ ಇರಲಿಲ್ಲ. ಹಿಂದಿನ ಸಂಜೆಯೇ ಕೊಳ್ಳೇಗಾಲದ ಕಡೆಯವರು ಬಂದು ಎರಡನ್ನೂ ಎತ್ತಿಕೊಂಡು ಹೋದರಂತೆ. ಯಾರು, ಎತ್ತ, ಗೊತ್ತಿಲ್ಲ. "ನಾನ್ ಯೋಳ್ದೆ ಅಲ್ವಾ ಸಾ?" ಎಂದ ಅಂಗಡಿಯವನು. ಅವನ ತಪ್ಪೇನೂ ಇರಲಿಲ್ಲ. ಖಾಲಿ ಆಟೋದಲ್ಲಿ ಡ್ರೈವರನ ಪಕ್ಕ ಕೂತು ಹದಿನಾರಿಗೆ ವಾಪಸು ಬಂದೆ.

ಬುದ್ಧಿ ಇದ್ದವನು ಅಲ್ಲಿಗೆ ಸಾಕು ಮಾಡುತ್ತಿದ್ದ. ನನಗೆ ಹಟ ಹೆಚ್ಚಾಯಿತು. ಒಮ್ಮೆ ಸರಿಯಾದದ್ದನ್ನು ಕೈಯಲ್ಲಿ ಮುಟ್ಟಿ ನೋಡಿದ ಮೇಲೆ ಮಿಕ್ಕಿದ್ದೆಲ್ಲ ಕಸವಾಗಿ ಕಾಣತೊಡಗಿತು. ಹೆಡತಲೆ ಎಂಬ ಊರಿನಲ್ಲಿ ಒಂದು ಬಾಗಿಲು ಸಿಕ್ಕಿತು, ಹಿಡಿಕೆಯ ಜಾಗ ಬೇರೆ ಎಂದು ಬಿಟ್ಟೆ. ಮೈಸೂರಿನಲ್ಲಿ ಸಿಕ್ಕ ಮಡ್‌ಗಾರ್ಡಿನ ಅಂಚು ಯಾವಾಗಲೋ ಬೆಸೆದದ್ದು ಎಂದು ಬಿಟ್ಟೆ. ಮಳೆಗಾಲ ಹೋಯಿತು, ಭತ್ತದ ಕೊಯ್ಲು ಆಯಿತು. ಬೇಡ ಎಂದಾಗಲೆಲ್ಲ ಚಿಕ್ಕಪ್ಪನಿಗಾಗಿ ಬೇಡ ಎನ್ನುತ್ತಿದ್ದೇನೆ ಎಂದೇ ನಾನು ನಂಬಿದ್ದೆ. ಈಗ ಯೋಚಿಸಿದರೆ ಅವರು ಕೇಳಿದ್ದು ನೋಡಲಿಕ್ಕೆ ಒಂದು ಕಾರು. ಪಾಸು ಮಾಡಲಿಕ್ಕೆ ಒಂದು ಕಾರು ಬೇಕಾಗಿದ್ದದ್ದು ನನಗೆ.

ಅಷ್ಟರಲ್ಲಿ ಅವರು ಷೆಡ್ಡಿಗೆ ಬರುವುದನ್ನು ನಿಲ್ಲಿಸಿದ್ದರು. ಬೈಕಿನ ಮೇಲೆ ಬೆನ್ನು ನೋಯುತ್ತದೆ ಎಂದರು, ನಂಬಿದೆ. ಬೆಳಿಗ್ಗೆ ಜಗಲಿಯಲ್ಲಿ ಕೂತು, "ಪೇಪರ್ನಾಗ್ ಏನದೆ ಓದ್ಲಾ" ಎಂದು ನನ್ನನ್ನು ಕೇಳಲು ಶುರು ಮಾಡಿದರು. ಡ್ಯೂಟಿಗೆ ಹೊರಡುವ ಅವಸರದಲ್ಲಿ ನಾಲ್ಕು ಹೆಡ್ಡಿಂಗು ಓದಿ, "ಜಮೀನ್ದಾರ್ರು ಓದೋಕ್ಕೂ ಆಳು ಇಟ್ಕೊಂಡ್ರಾ?" ಎಂದು ತಮಾಷೆ ಮಾಡಿದ್ದೇನೆ. ಅವರೂ ನಕ್ಕಿದ್ದಾರೆ. ಎರಡು ಬಾಗಿಲಿನ ಮನೆ, ನನ್ನ ಪಾಳಿಯ ಕೆಲಸ, ಹೇಳಿಕೊಳ್ಳಲು ನೆಪಕ್ಕೇನೂ ಬರವಿಲ್ಲ. ಕೂದಲೆಳೆಯಷ್ಟು ಕೊಂಕು ಕಂಡುಹಿಡಿಯುವ ಕಣ್ಣಿಗೆ ಎದುರು ಜಗಲಿಯಲ್ಲಿ ಕೂತ ಮನುಷ್ಯ ಕಾಣಲಿಲ್ಲ.

ಒಂದು ಸಂಜೆ ಚಿಕ್ಕಪ್ಪನೇ ಕರೆದರು. ಯಾವತ್ತೂ ಇಲ್ಲದ ಮೆತ್ತಗಿನ ದನಿ.

"ಕ್ವಾಲ್ಟಿ, ಒಂದ್ ಮಾತು ಯೋಳ್ತೀನಿ, ಬ್ಯಾಸ್ರ ಮಾಡ್ಕಬ್ಯಾಡ. ಆ ಅಳೇ ಮಡ್‌ಗಾರ್ಡ್ನೇ ತೇಪೆ ಆಕ್ಸಿ ತಂದ್ಬುಡ್ಲಾ. ಸಾಕು."

ಮಾರನೆಯ ದಿನವೇ ಮಿಸ್ತ್ರಿಗೆ ಹೇಳಿದೆ. ಮೂಲೆಯಲ್ಲಿ ಬಿದ್ದಿದ್ದ ಹಳೆಯ ಮಡ್‌ಗಾರ್ಡನ್ನೂ ಬಾಗಿಲನ್ನೂ ಅವನು ಎತ್ತಿಕೊಂಡ. ಕೊಳೆತದ್ದನ್ನು ಕತ್ತರಿಸಿದ, ರಟ್ಟಿನಲ್ಲಿ ಅಳತೆ ತೆಗೆದು ತಗಡು ಬಗ್ಗಿಸಿದ, ಬೆಸೆದ, ಉಜ್ಜಿದ. ಇಷ್ಟು ಕಾಲ ನಾಳೆ ನಾಳೆ ಎನ್ನುತ್ತಿದ್ದವನು ಅದನ್ನು ಎರಡು ವಾರದಲ್ಲಿ ಮುಗಿಸಿದ. ಬಾನೆಟ್ಟಿನ ಪಕ್ಕದ ಸಂದು ಮೇಲಿಂದ ಕೆಳಗಿನವರೆಗೆ ಒಂದೇ ಸಮ. ಅದರದೇ ಮಡ್‌ಗಾರ್ಡು ಅದರ ಜಾಗಕ್ಕೆ ಕೂರದೆ ಇರುತ್ತದೆಯೇ? ಬಣ್ಣ ಒಣಗಿದ ಮೇಲೆ ನಾನು ಬಗ್ಗಿ, ಎದ್ದು, ಬೆಳಕಿಗೆ ಓರೆಯಾಗಿ ನಿಂತು ನೋಡಿದೆ. ಕೊಂಕು ಹುಡುಕಿದರೂ ಸಿಗಲಿಲ್ಲ. ಮೊದಲ ದಿನವೇ ಮಾಡಿಸಬಹುದಾಗಿದ್ದ ಕೆಲಸ.

ಒಂದು ಭಾನುವಾರ ಬೆಳಿಗ್ಗೆ ನಾನೇ ಓಡಿಸಿಕೊಂಡು ಹದಿನಾರಿಗೆ ತಂದೆ. ಹೊಂಗೆ ಮರದ ಕೆಳಗೆ ನಿಲ್ಲಿಸಲು ಹೋದವನು ಮೇಲೆ ನೋಡಿದೆ. ಹಕ್ಕಿಗಳು, ಉದುರುವ ಹೂವು, ಹೊಸ ಬಣ್ಣ. ಬೇಡ ಅನ್ನಿಸಿತು. ಅಂಗಳದ ಇನ್ನೊಂದು ತುದಿಗೆ, ನನ್ನ ಬಾಗಿಲಿನ ಮುಂದೆ ತಂದು ನಿಲ್ಲಿಸಿ ಇಂಜಿನ್ ಆರಿಸಿದೆ. ಚಿಕ್ಕಪ್ಪ ಹಿತ್ತಲಿನಲ್ಲಿ ಸ್ನಾನ ಮಾಡುತ್ತಿದ್ದರು, ಇಂಜಿನ್ನಿನ ಸದ್ದು ಅವರಿಗೆ ಅಲ್ಲಿಗೇ ಕೇಳಿಸಿತ್ತು. ಚಿಕ್ಕಮ್ಮ ಕಾರು ನೋಡಿ ಕೆನ್ನೆಗೆ ಕೈ ಇಟ್ಟುಕೊಂಡು, ಆರತಿ ತಟ್ಟೆ, ನಿಂಬೆಹಣ್ಣು ತರುತ್ತೇನೆ ಎಂದು ಒಳಗೆ ಓಡಿದರು.

ಚಿಕ್ಕಪ್ಪ ಅವರಿಗಾಗಿ ಕಾಯಲಿಲ್ಲ. ಒದ್ದೆ ಕೂದಲು ಬಾಚಿ, ಹೊಸ ಪಂಚೆ ಉಟ್ಟು, ಗೋಡೆಗೆ ಕೈ ತಾಗಿಸಿಕೊಂಡು ಮನೆಯ ಪಕ್ಕದಿಂದ ಬಂದರು. ಜಗಲಿಯ ಅಂಚಿನಲ್ಲಿ ಒಂದು ಗಳಿಗೆ ನಿಂತರು. ನಾನು ಕಾರಿನ ಪಕ್ಕದಲ್ಲಿದ್ದೆ, ಈ ಕಡೆ ತಿರುಗುತ್ತಾರೆ ಎಂದು ಕಾದೆ. ಅವರು ನೇರವಾಗಿ ಹೊಂಗೆ ಮರದ ಕಡೆಗೆ ನಡೆದರು. ಅಷ್ಟು ವರ್ಷ ಕಾರು ನಿಲ್ಲುತ್ತಿದ್ದ ಜಾಗದಿಂದ ನಾಲ್ಕು ಹೆಜ್ಜೆ ಈಚೆಗೆ ನಿಂತು, ಕೈ ಕಟ್ಟಿಕೊಂಡು, ತಲೆ ಸ್ವಲ್ಪ ವಾಲಿಸಿದರು. ಅವರ ಮುಂದೆ ಬರಿಯ ನೆಲ, ಅದರಾಚೆ ನೀರಿನ ತೊಟ್ಟಿ.

"ಅಬ್ಬಬ್ಬಾ" ಎಂದರು. "ಬಂದ್ ದಿನ ಇದ್ದಂಗೇ ಅದೆ ಕಣ್ಲಾ ಕ್ವಾಲ್ಟಿ. ಅದೇ ನೀಲಿ."

ಚಿಕ್ಕಮ್ಮ ಆರತಿ ತಟ್ಟೆ ಹಿಡಿದು ಬಾಗಿಲಿಗೆ ಬಂದವರು ಅಲ್ಲೇ ನಿಂತರು. ಅವರ ಮುಖದಲ್ಲಿ ಆಶ್ಚರ್ಯ ಇರಲಿಲ್ಲ. ಅವರಿಗೆ ಗೊತ್ತಿತ್ತು, ಎಷ್ಟೋ ದಿನದಿಂದ ಗೊತ್ತಿತ್ತು. ನನ್ನ ಕಡೆ ನೋಡಿ, ಬೇಡ ಎನ್ನುವಂತೆ ತಲೆ ಅಲ್ಲಾಡಿಸಿದರು.

"ತೇಪೆ ಎಲ್ಲ್ ಆಕ್ಸ್ದೆ?" ಚಿಕ್ಕಪ್ಪ ಇನ್ನೂ ಆ ಜಾಗವನ್ನೇ ನೋಡುತ್ತಿದ್ದರು. "ನಂಗಂತೂ ಗುರ್ತೇ ಸಿಕ್ತಾ ಇಲ್ವಲ್ಲೋ. ಬಲೇ ಕೆಲ್ಸ ಮಾಡ್ಸಿದ್ದೀಯ."

ಉತ್ತರ ಬಾಯಿಯವರೆಗೆ ಬಂದಿತ್ತು. ಆದರೆ ನಿಂತಲ್ಲಿಂದ ಮಾತಾಡಿದರೆ ನನ್ನ ದನಿ ಅಂಗಳದ ಈ ತುದಿಯಿಂದ ಕೇಳಿಸುತ್ತದೆ, ಕಾರು ಎಲ್ಲಿದೆ ಎಂದು ಅವರಿಗೆ ತಿಳಿದುಬಿಡುತ್ತದೆ. ಚಪ್ಪಲಿ ಅಲ್ಲೇ ಬಿಟ್ಟೆ. ಸದ್ದಾಗದಂತೆ ಅಂಗಳ ದಾಟಿ, ಅವರ ಪಕ್ಕಕ್ಕೆ ಹೋಗಿ ನಿಂತು, ಅವರು ನೋಡುತ್ತಿದ್ದ ಆ ನೆಲವನ್ನೇ ನಾನೂ ನೋಡುತ್ತ, "ಹೂಂ ಚಿಕ್ಕಪ್ಪ, ಗುರುತೇ ಸಿಗಲ್ಲ" ಎಂದೆ.